ಅಮ್ಮನಿಗೆ ಗೊತ್ತಿತ್ತು, ಅಮ್ಮನ ಪಾತ್ರ ಮಾಡಿದವರಿಗೆ ಗೊತ್ತಿರಲಿಲ್ಲ

ಕೊನೆಯ ಎಪಿಸೋಡಿನ ಗುಟ್ಟು ಸೆಟ್ಟಿನಿಂದ ಸೋರಬಾರದು, ಅದಕ್ಕೆ ನಟರಿಗೂ ಪೂರ್ತಿ ಸ್ಕ್ರಿಪ್ಟ್ ಕೊಡದೆ ಇರಲಾ ಅಂತ ಕೇಳಿದ್ದೀರಿ. ಕೊಡಿ. ಇವತ್ತೇ ಕೊಡಿ. ನನಗೂ ಇದೇ ಪ್ರಶ್ನೆ ಬಂದಿತ್ತು, ಆದರೆ ಯಾರನ್ನೂ ಕೇಳುವ ಬುದ್ಧಿ ಬಂದಿರಲಿಲ್ಲ.

ನಾನು ಬರೆದದ್ದು 8 ಎಪಿಸೋಡಿನ ಕ್ರೈಂ ಸೀರೀಸ್. ಒಂದು ದೊಡ್ಡ ಮನೆ. ಆ ಮನೆಯ ಚಿಕ್ಕಪ್ಪ 22 ವರ್ಷದ ಹಿಂದೆ ಹೇಳದೆ ಕೇಳದೆ ಎಲ್ಲಿಗೋ ಹೋದ ಅಂತ ಎಲ್ಲರ ನಂಬಿಕೆ. ಹಿತ್ತಲಲ್ಲಿ ಮಣ್ಣು ಅಗೆಯುವಾಗ ಮೂಳೆ ಸಿಗುತ್ತದೆ. ಕೊಂದದ್ದು ದೊಡ್ಡ ಮಗ, ಆಗ ಅವನಿಗೆ 13 ವರ್ಷ. ಆದರೆ ನನ್ನ ಕೊನೆಯ ಏಟು ಇದ್ದದ್ದು ಮಗನ ಮೇಲಲ್ಲ. ಕೊಲೆ ನಡೆದ ರಾತ್ರಿಯಿಂದಲೇ ಅಮ್ಮನಿಗೆ ಎಲ್ಲ ಗೊತ್ತಿತ್ತು, ಸತ್ತವನ ಕೈಗಡಿಯಾರವನ್ನು ಆಕೆಯೇ ತನ್ನ ಹೊಲಿಗೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು ಅನ್ನೋದರ ಮೇಲೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

2013ರಲ್ಲಿ ಬ್ರಿಟನ್ನಿನಲ್ಲಿ ಬ್ರಾಡ್‌ಚರ್ಚ್ ಅನ್ನೋ ಸೀರೀಸ್ ಬಂತಲ್ಲ, ಅದರ ಹೆಚ್ಚಿನ ನಟರಿಗೆ ಕೊಲೆಗಾರ ಯಾರು ಅಂತ ಶೂಟಿಂಗ್ ಬಹಳ ದೂರ ಸಾಗುವ ತನಕ ಹೇಳಿರಲಿಲ್ಲ. ಇದನ್ನು ಓದಿ ನನಗೆ ಹುಚ್ಚೇ ಹಿಡಿಯಿತು. ನಾನೂ ಹಾಗೇ ಮಾಡಿದೆ. 8ನೇ ಎಪಿಸೋಡಿನದು ಮೂರೇ ಪ್ರತಿ. ಉಳಿದವರಿಗೆ ಅವರವರ ಸೀನಿನ ಹಾಳೆ ಮಾತ್ರ. ಪ್ರತಿ ಹಾಳೆಯ ಮೇಲೂ ಪಡೆದವರ ಹೆಸರು ತೆಳುವಾಗಿ ಅಚ್ಚಾಗಿರುತ್ತಿತ್ತು. ಸೋರಿದರೆ ಯಾರಿಂದ ಅಂತ ಗೊತ್ತಾಗಲಿ ಅಂತ. ನನ್ನ ಸೀರೀಸನ್ನು ಕದ್ದು ನೋಡಲು ಜಗತ್ತೇ ಕಾಯುತ್ತಿದೆ ಅನ್ನೋ ಭ್ರಮೆ, ಬೇರೇನಿಲ್ಲ.

ಅಮ್ಮನ ಪಾತ್ರ ಮಾಡಿದವರು ಹಿರಿಯ ನಟಿ. ಮೊದಲ ಓದಿನ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಇವಳಿಗೆ ಎಷ್ಟು ಗೊತ್ತಪ್ಪಾ?"

ನಾನು ಹೇಳಿದೆ: "ಸದ್ಯಕ್ಕೆ ಏನೂ ಗೊತ್ತಿಲ್ಲ ಅಂತಲೇ ಮಾಡಿ ಮೇಡಂ."

ನನ್ನ ಸೀರೀಸ್ ಸತ್ತದ್ದು ಆ ಒಂದು ಮಾತಿನಲ್ಲಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ, ಜಾಗದ ಕ್ರಮದಲ್ಲಿ ನಡೆಯುತ್ತದೆ. ಬೆಡ್‌ರೂಮಿನ ಸೀನುಗಳನ್ನೆಲ್ಲ, ಅದು 1ನೇ ಎಪಿಸೋಡಿರಲಿ 7ನೆಯದಿರಲಿ, ಒಟ್ಟಿಗೆ ಮುಗಿಸುತ್ತಾರೆ. ಹಾಗಾಗಿ ನಿಧಾನವಾಗಿ ಗುಟ್ಟು ಬಿಡಿಸುತ್ತಾ ಹೋಗೋಣ, ನಟನೆಯೂ ಅದರ ಜೊತೆ ಬೆಳೆಯಲಿ ಅಂತೆಲ್ಲ ಅಂದುಕೊಂಡರೆ ಅದು ಆಗದ ಮಾತು. ಆ ಮನೆಯ ಒಳಗಿನ ಕೆಲಸ ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ ಪೊಲೀಸ್ ಸ್ಟೇಷನ್ ಸೆಟ್ಟಿನಲ್ಲಿ ತಪ್ಪೊಪ್ಪಿಗೆಯ ಸೀನ್ ಇತ್ತು. ಅದರ ಹಿಂದಿನ ಸಂಜೆ ಆ ನಟಿಯ ಕೈಗೆ ಹಾಳೆ ಕೊಟ್ಟೆ. ಅಷ್ಟರಲ್ಲಿ ಅವರು ಆ ಹೆಂಗಸನ್ನು ಏನೂ ಅರಿಯದವಳಾಗಿ 40 ದಿನ ಬದುಕಿಬಿಟ್ಟಿದ್ದರು.

2ನೇ ಎಪಿಸೋಡಿನಲ್ಲಿ ಒಂದು ಸೀನ್ ಇದೆ. ಇನ್‌ಸ್ಪೆಕ್ಟರ್ ಚಿಕ್ಕಪ್ಪನ ಹಳೆ ಫೋಟೋ ಕೇಳುತ್ತಾಳೆ. ಅಮ್ಮ ಬೀರು ತೆಗೆಯುತ್ತಾಳೆ. ಆಲ್ಬಂ ಮೇಲೆ ಹೊಲಿಗೆ ಡಬ್ಬಿ ಇರುತ್ತದೆ. ಅವರು ಆ ಡಬ್ಬಿಯನ್ನು ಮೊಣಕೈಯಿಂದ ಆಚೆ ತಳ್ಳಿ ಆಲ್ಬಂ ಎಳೆದು ಕೊಟ್ಟರು. ಎಷ್ಟು ಸಹಜವಾಗಿ ಅಂದರೆ ಮಾನಿಟರ್ ಮುಂದೆ ನಾನು ಚಪ್ಪಾಳೆ ಹೊಡೆದೆ. 22 ವರ್ಷ ಕಾದ ಡಬ್ಬಿ, ಒಂದು ಕಡೆ ಪೊಲೀಸ್ ನಿಂತಿದ್ದಾಳೆ, ಈಕೆ ಅದನ್ನು ಮೊಣಕೈಯಲ್ಲಿ ತಳ್ಳುತ್ತಾಳೆ!

ಎಡಿಟಿಂಗ್ ಟೇಬಲ್ ಮೇಲೆ ಮೊದಲ ಬಾರಿ ಪೂರ್ತಿ ನೋಡಿದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಬೇರೆ ಟೇಕ್ ಹುಡುಕಿದೆವು, ಎಲ್ಲದರಲ್ಲೂ ಅದೇ ಮುಖ, ನಿರಾಳ ಮುಖ. ಸೆಟ್ ಬಿಚ್ಚಿಯಾಗಿತ್ತು. ಕೊನೆಗೆ ಆಕೆ ಎಷ್ಟು ದೊಡ್ಡ ನಟನೆ ಮಾಡುತ್ತಿದ್ದಳು ಅಂತ ಇನ್‌ಸ್ಪೆಕ್ಟರ್ ಬಾಯಲ್ಲಿ ಎರಡು ಸಾಲು ಡಬ್ ಮಾಡಿಸಿ ತೇಪೆ ಹಾಕಿದೆ. ನೋಡುವವರು ದಡ್ಡರಾ? ಕೊನೆಯ ಎಪಿಸೋಡ್ ಬಂದ ವಾರದಲ್ಲೇ ಆ ಮೊಣಕೈಯ ತುಣುಕನ್ನು ಕತ್ತರಿಸಿ ಹಂಚಿಕೊಂಡು ನಕ್ಕರು. ತಿರುವನ್ನು ಯಾರೂ ಊಹಿಸಿರಲಿಲ್ಲ, ನಿಜ. ನಂಬಲೂ ಇಲ್ಲ. ಎರಡನೇ ಸೀಸನ್ ಬೇಡ ಅಂದರು.

ಬ್ರಾಡ್‌ಚರ್ಚ್ ನೋಡಿಲ್ಲದವರು ಮುಂದಿನ ಪ್ಯಾರಾ ಬಿಟ್ಟು ಓದಿ.

ಅಲ್ಲಿ ಕೊಲೆಗಾರ ತನಿಖೆ ಮಾಡುವ ಪೊಲೀಸ್ ಹೆಂಗಸಿನ ಗಂಡನೇ. ಆಕೆಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ನಿನ್ನ ಮನೆಯಲ್ಲೇ ನಡೆದದ್ದು ನಿನಗೆ ಹೇಗೆ ತಿಳಿಯಲಿಲ್ಲ ಅಂತ ಮೊದಲು ಆಕೆ ಇನ್ನೊಬ್ಬಳನ್ನು ಹೀಯಾಳಿಸುತ್ತಾಳೆ, ಆಮೇಲೆ ಅದೇ ಪ್ರಶ್ನೆ ಅವಳ ಮುಖಕ್ಕೇ ಬಂದು ಬಡಿಯುತ್ತದೆ. ಪಾತ್ರಕ್ಕೆ ಗೊತ್ತಿಲ್ಲದ್ದು ನಟರಿಗೂ ಗೊತ್ತಿಲ್ಲದಿದ್ದರೆ ನಷ್ಟವೇನು? ನನ್ನ ಅಮ್ಮ ಹಾಗಲ್ಲ. ಅವಳಿಗೆ ಗೊತ್ತಿತ್ತು. ನಾನು ಉಪಾಯವನ್ನು ಮಾತ್ರ ನಕಲು ಮಾಡಿದೆ, ಅದು ಯಾಕೆ ಕೆಲಸ ಮಾಡಿತು ಅಂತ ನೋಡಲೇ ಇಲ್ಲ.

ಇನ್ನು ನಿಮ್ಮ ಪ್ರಶ್ನೆಯ ಬೇರು, ಯಾರೂ ಊಹಿಸಬಾರದು ಅನ್ನೋದು. ಊಹಿಸಿದರೆ ಏನು ಗಂಟು ಹೋಗುತ್ತದೆ? 2015ರ ಅಮೆರಿಕದ ಸೀರೀಸ್ ಬ್ಲಡ್‌ಲೈನ್ ನೋಡಿ. ಅಣ್ಣ ತಮ್ಮಂದಿರ ಕಥೆ. ಯಾರ ಹೆಣವನ್ನು ಯಾರು ಎಳೆದುಕೊಂಡು ಹೋಗುತ್ತಾರೆ ಅಂತ ಮೊದಲ ಎಪಿಸೋಡಿನಲ್ಲೇ ತೋರಿಸಿಬಿಡುತ್ತಾರೆ. ಆಮೇಲೆ 12 ಎಪಿಸೋಡ್ ಕೂತು ನೋಡಿದೆ ನಾನು. ಅದೂ ಅಲ್ಲದೆ ಈಗಿನ ಕಾಲದಲ್ಲಿ ಮನೆಯ ಗುಟ್ಟು ನಿಮ್ಮ ಕೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ? ನನ್ನ ಕಥೆಯಲ್ಲೇ ಮೂಳೆ ಚಿಕ್ಕಪ್ಪನದು ಅಂತ 3ನೇ ಎಪಿಸೋಡಿಗೆ ಒಪ್ಪಿಕೊಳ್ಳಬೇಕಾಯಿತು. ಒಂದೇ ತಾಯಿಯ ಮಕ್ಕಳ ಮೈಟೊಕಾಂಡ್ರಿಯಾ ಡಿಎನ್‌ಎ, ಅಂದರೆ ತಾಯಿಯ ಕಡೆಯಿಂದ ಬರುವ ಡಿಎನ್‌ಎ, ಸಾಮಾನ್ಯವಾಗಿ ಒಂದೇ ಇರುತ್ತದೆ, ಹಳೆ ಮೂಳೆಯಿಂದಲೂ ಅದನ್ನು ತೆಗೆಯಬಹುದು. ಸತ್ತವನ ಅಣ್ಣನ ಎಂಜಲು ಸಾಕು. ಯಾರು ಸತ್ತದ್ದು, ಯಾರು ಕೊಂದದ್ದು ಅನ್ನೋದು ಲ್ಯಾಬಿನ ಕೆಲಸ. ಯಾರಿಗೆ ಗೊತ್ತಿತ್ತು, ಗೊತ್ತಿದ್ದೂ ದಿನಾ ಒಟ್ಟಿಗೆ ಊಟಕ್ಕೆ ಹೇಗೆ ಕೂತರು ಅನ್ನೋದು ನಿಮ್ಮ ಕೆಲಸ.

ಈಗ ನಾನು ಏನು ಬರೆದರೂ ಮೊದಲು ಗೋಡೆ ಮೇಲೆ ಒಂದು ಚಾರ್ಟ್ ಹಾಕುತ್ತೇನೆ. ಪ್ರತಿ ಪಾತ್ರಕ್ಕೂ ಏನು ಗೊತ್ತು, ಯಾವಾಗಿನಿಂದ ಗೊತ್ತು, ಬೇರೆಯವರಿಗೆ ಎಷ್ಟು ಗೊತ್ತಿದೆ ಅಂತ ಇವರು ಅಂದುಕೊಂಡಿದ್ದಾರೆ. ಮೂರನೆಯ ಕಾಲಂ ತುಂಬಲು ಆಗದಿದ್ದರೆ ಕಥೆ ಇನ್ನೂ ಬೆಂದಿಲ್ಲ ಅಂತ ಅರ್ಥ. ಸೋರಿಕೆಯ ಭಯ ಅಷ್ಟಿದ್ದರೆ ಗುಟ್ಟು ಗೊತ್ತಿರುವ ಪಾತ್ರದವರಿಗೆ ಮಾತ್ರ ಹೇಳಿ, ಉಳಿದವರಿಗೆ ಬೇಕಾದರೆ ಮುಚ್ಚಿಡಿ.

ಆ ನಟಿಗೆ ಒಂದು ವರ್ಷ ಬಿಟ್ಟು ಫೋನ್ ಮಾಡಿ ಕ್ಷಮೆ ಕೇಳಿದೆ. ಬೈಯಲಿಲ್ಲ. "ನಾನು ಕೇಳಿದ್ದೆನಲ್ಲಪ್ಪಾ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು: "ಗೊತ್ತಿದ್ದಿದ್ದರೆ ಆ ಬೀರು ತೆಗೆಯುತ್ತಲೇ ಇರಲಿಲ್ಲ. ಬೀಗದ ಕೈ ಎಲ್ಲಿಟ್ಟೆನೋ ಅಂತ ಮನೆಯೆಲ್ಲ ಹುಡುಕುತ್ತಿದ್ದೆ, ಅದು ನನ್ನ ಸೊಂಟದಲ್ಲೇ ಇರುತ್ತಿತ್ತು."