ವೈಟ್ ಸಾಕ್ಸ್ ಹುಡುಗರಲ್ಲಿ ಯಾರನ್ನು ನಂಬಬಹುದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅಮೆರಿಕದ ಬೇಸ್‌ಬಾಲ್ ತಂಡ ಚಿಕಾಗೊ ವೈಟ್ ಸಾಕ್ಸ್ ಬಗ್ಗೆಯೇ ಇದ್ದವು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಕೊಟ್ಟಿದ್ದೇನೆ. ಹೊಸ ಓದುಗರಿಗಾಗಿ ಎರಡು ಮಾತು: 2024ರಲ್ಲಿ ಈ ತಂಡ ಆಡಿದ 162 ಪಂದ್ಯಗಳಲ್ಲಿ 121 ಸೋತಿತು. 1900ರಿಂದ ಈಚೆಗೆ ಒಂದೇ ಋತುವಿನಲ್ಲಿ ಇಷ್ಟು ಸೋತ ತಂಡ ಇನ್ನೊಂದಿಲ್ಲ. 2025ರಲ್ಲಿ 60 ಗೆದ್ದು 102 ಸೋತಿತು. ಹೆಸರಾದ ಆಟಗಾರರನ್ನು ಬಿಟ್ಟುಕೊಟ್ಟು, ಬದಲಿಗೆ ಎಳೆಯರನ್ನು ತಂದು, ತಂಡವನ್ನು ಬುಡದಿಂದ ಕಟ್ಟುವ ಕೆಲಸ ನಡೆದಿದೆ.

ಪ್ರಶ್ನೆ: ಕೋಲ್ಸನ್ ಮಾಂಟ್ಗೊಮರಿ ಬರೀ 71 ಪಂದ್ಯಗಳಲ್ಲಿ 21 ಹೋಮ್ ರನ್ (ಬೇಲಿಯಾಚೆ ಹೋಗುವ ಹೊಡೆತ) ಬಾರಿಸಿದ. ಮುಂದಿನ ಹತ್ತು ವರ್ಷ ತಂಡದ ಭಾರ ಹೊರುವವನು ಇವನೇ ಅಲ್ಲವೇ? ನೀವು ಮಾತ್ರ ಅವನನ್ನು ಹೊಗಳಲು ಹಿಂದೇಟು ಹಾಕುತ್ತೀರಿ, ಯಾಕೆ ಮೇಡಂ?

ಹೊಗಳಲು ಹಿಂದೇಟಿಲ್ಲ, ಪಟ್ಟ ಕಟ್ಟಲು ಹಿಂದೇಟು. ಎರಡಕ್ಕೂ ವ್ಯತ್ಯಾಸವಿದೆ.

ಈ ಹುಡುಗ ನಡೆದು ಬಂದ ದಾರಿ ನೋಡಿ. ಇಂಡಿಯಾನಾದ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಹೆಸರು ಮಾಡಿದವನು. 2021ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ವ್ಯವಸ್ಥೆ) 22ನೆಯವನಾಗಿ ವೈಟ್ ಸಾಕ್ಸ್ ಪಾಲಿಗೆ ಬಂದ. 2025ರ ಏಪ್ರಿಲ್‌ನಲ್ಲಿ ಅಗ್ರ ಮಟ್ಟವಾದ ಮೇಜರ್ ಲೀಗ್‌ಗೆ ಒಂದು ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಮಟ್ಟದ ಶಾರ್ಲಟ್ ತಂಡದಲ್ಲಿ ಅವನ ಬ್ಯಾಟಿಂಗ್ ಸರಾಸರಿ .200 ಕೂಡ ಮುಟ್ಟಿರಲಿಲ್ಲ, ಅಂದರೆ ಐದು ಸಲಕ್ಕೆ ಒಂದು ಹಿಟ್ ಕೂಡ ಇಲ್ಲ. ಆಟದಿಂದ ಬಿಡಿಸಿ, ಅರಿಜೋನಾದ ತರಬೇತಿ ಕೇಂದ್ರಕ್ಕೆ ಕಳಿಸಿ, ಬ್ಯಾಟ್ ಬೀಸುವ ರೀತಿಯನ್ನೇ ತಿದ್ದಿಸಿದರು. ಜುಲೈ 4ರಂದು ಡೆನ್ವರ್‌ನಲ್ಲಿ ಮೇಜರ್ ಲೀಗ್‌ಗೆ ಕಾಲಿಟ್ಟ. ಆಮೇಲಿನದು ನಿಮಗೆ ಗೊತ್ತು. ಮೂರು ತಿಂಗಳಲ್ಲಿ ಇಷ್ಟು ಬದಲಾಗುವವನಿಗೆ ಹೇಳಿದ್ದನ್ನು ಕೇಳಿಸಿಕೊಳ್ಳುವ ಗುಣವಿದೆ. ನನಗೆ ಆ 21 ಹೋಮ್ ರನ್‌ಗಿಂತ ಇದೇ ದೊಡ್ಡದು.

ಆದರೂ ಅವನ ಸರಾಸರಿ .239, ಹಿಟ್, ವಾಕ್ ಎಲ್ಲ ಸೇರಿ ಬೇಸ್ ತಲುಪಿದ ಪ್ರಮಾಣ .311. ಬ್ಯಾಟ್ ಹಿಡಿದು ನಿಂತ ಹತ್ತು ಸಲದಲ್ಲಿ ಹೆಚ್ಚುಕಡಿಮೆ ಮೂರು ಸಲ ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಬಿದ್ದು ಔಟ್. ಎಳೆಯ ಬ್ಯಾಟ್ಸ್‌ಮನ್‌ಗಳನ್ನು ನಾನು ಹೊಡೆದ ಚೆಂಡಿನಿಂದ ಅಳೆಯುವುದಿಲ್ಲ, ಬಿಟ್ಟ ಚೆಂಡಿನಿಂದ ಅಳೆಯುತ್ತೇನೆ. ಹೊಸಬ ಹೊಡೆಯತೊಡಗಿದ ಕೂಡಲೇ ಎದುರಾಳಿಗಳು ಅವನ ವಿಡಿಯೊ ಹಾಕಿಕೊಂಡು ಕೂರುತ್ತಾರೆ. ಯಾವ ಚೆಂಡಿಗೆ ಸುಮ್ಮನೆ ಬ್ಯಾಟ್ ಬೀಸುತ್ತಾನೆ ಎಂದು ಗೊತ್ತಾದರೆ ಅದನ್ನೇ ಮತ್ತೆ ಮತ್ತೆ ಎಸೆಯುತ್ತಾರೆ. ಅದನ್ನು ಬಿಡಲು ಕಲಿತವನು ಉಳಿಯುತ್ತಾನೆ. 2026ರಲ್ಲಿ ಕೋಲ್ಸನ್‌ನ ಹೋಮ್ ರನ್ 40 ಆದರೂ ಸರಿ, 25 ಆದರೂ ಸರಿ; ನಾನು ನೋಡುವುದು ಅವನ ವಾಕ್ ಮತ್ತು ಸ್ಟ್ರೈಕ್‌ಔಟ್ ಎರಡನ್ನೇ. ಸ್ಟ್ರೈಕ್ ಜೋನ್‌ನ (ಬ್ಯಾಟ್ಸ್‌ಮನ್ ಎದುರಿನ, ಹೊಡೆಯಬೇಕಾದ ಚೆಂಡು ಬೀಳುವ ಜಾಗ) ಹೊರಗೆ ಬಿದ್ದ ನಾಲ್ಕು ಚೆಂಡುಗಳನ್ನು ಬಿಟ್ಟರೆ ಮೊದಲ ಬೇಸ್ ತಾನಾಗಿ ಸಿಗುತ್ತದೆ, ಅದೇ ವಾಕ್.

ಪ್ರಶ್ನೆ: ಹಾಗಾದರೆ ನಿಮ್ಮ ಲೆಕ್ಕದಲ್ಲಿ ಮೊದಲನೆಯವನು ಯಾರು?

ಕೈಲ್ ಟೀಲ್. ಅನುಮಾನವೇ ಬೇಡ.

2024ರ ಡಿಸೆಂಬರ್‌ನಲ್ಲಿ ನಮ್ಮ ಒಬ್ಬನೇ ದೊಡ್ಡ ಪಿಚರ್ (ಚೆಂಡು ಎಸೆಯುವವನು) ಗ್ಯಾರೆಟ್ ಕ್ರೋಶೆಯನ್ನು ಬೋಸ್ಟನ್‌ಗೆ ಕೊಟ್ಟಾಗ ಬಂದ ನಾಲ್ವರಲ್ಲಿ, ಬ್ಯಾಟ್ಸ್‌ಮನ್ ಹಿಂದೆ ಕೂತು ಚೆಂಡು ಹಿಡಿಯುವ ಈ ಕ್ಯಾಚರ್ ಒಬ್ಬ. ಕ್ರೋಶೆ ಅಲ್ಲಿ ಹೋಗಿ 18 ಪಂದ್ಯ ಗೆದ್ದ, 255 ಸ್ಟ್ರೈಕ್‌ಔಟ್ ಪಡೆದ, ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವನಾದ. ಅದನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಗಿದ್ದು ನಿಜ. ಆದರೂ ಆ ವ್ಯವಹಾರ ಸರಿಯಿತ್ತೆಂದೇ ನಾನು ಹೇಳುವುದು. ಐದು ದಿನಕ್ಕೊಮ್ಮೆ ಎಸೆಯುವ ಒಬ್ಬ ಪಿಚರ್ ಎಷ್ಟೇ ಜಾಣನಾದರೂ 121 ಸೋತ ತಂಡವನ್ನು ಎತ್ತಲಾರ.

ಟೀಲ್ ಮೊದಲ ವರ್ಷವೇ .273 ಹೊಡೆದ, ಬೇಸ್ ತಲುಪಿದ ಪ್ರಮಾಣ .375. ಕ್ಯಾಚರ್ ಆದವನಿಗೆ, ಅದೂ ಜೂನ್‌ನಲ್ಲಿ ಬಂದ ಹೊಸಬನಿಗೆ, ಇದು ಸಣ್ಣ ಮಾತಲ್ಲ. ನಾನು ಕ್ರೀಡಾಂಗಣಕ್ಕೆ ಹೋದರೆ ಕೂರುವುದು ಮೂರನೇ ಬೇಸ್ ಬದಿಯ ಮೇಲಂತಸ್ತಿನಲ್ಲಿ. ಎಡಗೈ ಬ್ಯಾಟ್ಸ್‌ಮನ್ ನಿಂತಾಗ ಅವನ ಎದೆ, ಮುಖ ಎರಡೂ ಅಲ್ಲಿಂದ ಕಾಣುತ್ತವೆ. ಟೀಲ್ ಎರಡು ಸ್ಟ್ರೈಕ್ ಬಿದ್ದ ಮೇಲೆ ಕೈ ಸಡಿಲಿಸಿ, ಚೆಂಡನ್ನು ಇನ್ನೊಂದು ಕ್ಷಣ ಹತ್ತಿರಕ್ಕೆ ಬರಲು ಬಿಡುತ್ತಾನೆ. ಹೊಡೆಯಲಾಗದ ಒಳ್ಳೆಯ ಚೆಂಡನ್ನು ಗೆರೆಯಾಚೆ ಫೌಲ್ ಮಾಡುತ್ತಾನೆ. ಕೆಳಕ್ಕೆ ಮುಳುಗುವ ಸ್ಲೈಡರ್ ಬಂದರೆ ಮುಂಗಾಲು ಊರಿದರೂ ಸೊಂಟ ತಿರುಗಿಸದೆ ನಿಂತುಬಿಡುತ್ತಾನೆ. ಆ ನಿಲುವನ್ನು ಹೇಳಿಕೊಟ್ಟು ಬರಿಸುವುದು ಬಹಳ ಕಷ್ಟ. ವಾಕ್ ಸಿಕ್ಕರೆ ಮೊದಲ ಬೇಸ್‌ಗೆ ನಡೆಯುವುದಿಲ್ಲ, ಓಡುತ್ತಾನೆ. ಮೂರು ಗಂಟೆ ಮಂಡಿಯೂರಿ ಕೂತ ಕ್ಯಾಚರ್ ಹಾಗೆ ಓಡುವುದನ್ನು ನೋಡಿದರೆ ಯಾರಿಗಾದರೂ ಹುಮ್ಮಸ್ಸು ಬರುತ್ತದೆ.

ಅದೇ ವ್ಯವಹಾರದಲ್ಲಿ ಬಂದ ಚೇಸ್ ಮೈಡ್ರಾತ್ ಕೂಡ ಇದೇ ಬಗೆಯವನು. ತೋಳಿನಲ್ಲಿ ಬಲವಿಲ್ಲ, ಕಣ್ಣಿದೆ. ದೊಡ್ಡ ತಾರೆಯಾಗುತ್ತಾನೆ ಎನ್ನಲಾರೆ, ಆದರೆ ಗೆಲ್ಲುವ ತಂಡಗಳಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ.

ಪ್ರಶ್ನೆ: ಟೀಲ್ ಇದ್ದಮೇಲೆ ಎಡ್ಗರ್ ಕ್ವೆರೊ ಯಾಕೆ ಬೇಕು? ಒಬ್ಬ ಕ್ಯಾಚರ್‌ನನ್ನು ಕೊಟ್ಟು ಪಿಚರ್ ತರಬಾರದೆ?

ಸದ್ಯಕ್ಕೆ ಬೇಡ. ಕ್ವೆರೊ ಎಡಗೈ, ಬಲಗೈ ಎರಡೂ ಬದಿಯಿಂದ ಬ್ಯಾಟ್ ಮಾಡುವ ಕ್ಯೂಬಾದ ಹುಡುಗ. 2023ರಲ್ಲಿ ಲೂಕಸ್ ಜಿಯೊಲಿಟೊನನ್ನು ಏಂಜಲ್ಸ್‌ಗೆ ಕೊಟ್ಟಾಗ ಬಂದವನು. .268 ಹೊಡೆದಿದ್ದಾನೆ. ಗ್ಲೌಸ್ ಕೆಲಸ ಇನ್ನೂ ಪಳಗಬೇಕು: ಅಂಚಿನ ಚೆಂಡನ್ನು ಹಿಡಿಯುವಾಗ ಕೈ ಚೆಂಡಿನ ಜೊತೆಯಲ್ಲೇ ಹೊರಗೆ ಜಾರುತ್ತದೆ, ಅಂಪೈರ್ ಕಣ್ಣಿಗೆ ಅದು ‘ಬಾಲ್’ (ಜೋನ್ ಹೊರಗಿನ ಎಸೆತ) ಆಗಿಯೇ ಕಾಣುತ್ತದೆ. ಆದರೆ ಕ್ಯಾಚರ್‌ಗಳು ತಡವಾಗಿ ಪಕ್ವವಾಗುತ್ತಾರೆ, ಬೇಗ ಗಾಯಗೊಳ್ಳುತ್ತಾರೆ. 162 ಪಂದ್ಯಗಳ ಋತುವಿನಲ್ಲಿ ಒಬ್ಬನೇ ದಿನವೂ ಮಂಡಿಯೂರಲಾರ. ಒಬ್ಬ ಹಿಂದೆ ಕೂತ ದಿನ ಇನ್ನೊಬ್ಬ ಡಿಎಚ್ (ಫೀಲ್ಡಿಂಗ್ ಇಲ್ಲದೆ ಬ್ಯಾಟಿಂಗ್ ಮಾತ್ರ ಮಾಡುವವನು) ಆಗಿ ಬ್ಯಾಟ್ ಮಾಡಲಿ. ಇನ್ನೊಂದು ವರ್ಷ ಇಬ್ಬರನ್ನೂ ಆಡಿಸಿದರೆ, ಆಮೇಲೆ ಕೊಡಬೇಕಾದರೂ ಒಳ್ಳೆಯ ಬೆಲೆಗೆ ಕೊಡಬಹುದು.

ಪ್ರಶ್ನೆ: ಶೇನ್ ಸ್ಮಿತ್ ಯಾರೂ ಕೇಳದ ಹುಡುಗನಂತೆ, ಒಂದೇ ವರ್ಷದಲ್ಲಿ ಆಲ್‌ಸ್ಟಾರ್ ಆದನಂತೆ. ಇದು ಹೇಗೆ ಸಾಧ್ಯ?

ರೂಲ್ 5 ಡ್ರಾಫ್ಟ್‌ನಿಂದ. ತಂಡವೊಂದು ತನ್ನ 40 ಜನರ ಪಟ್ಟಿಯಲ್ಲಿ ಸೇರಿಸದೆ ಮೈನರ್ ಲೀಗ್‌ನಲ್ಲೇ ವರ್ಷಗಟ್ಟಲೆ ಇಟ್ಟುಕೊಂಡ ಆಟಗಾರನನ್ನು ಬೇರೆ ತಂಡ 1,00,000 ಡಾಲರ್ ಕೊಟ್ಟು ಎತ್ತಿಕೊಳ್ಳಬಹುದು. ಷರತ್ತು ಒಂದೇ, ಮುಂದಿನ ಋತುವಿಡೀ ಅವನನ್ನು ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕು. ಬೇಡವೆಂದರೆ ಹಳೆಯ ತಂಡಕ್ಕೆ ಅರ್ಧ ಬೆಲೆಗೆ ಮರಳಿಸಬೇಕು. ಗೆಲ್ಲುವ ತಂಡಗಳಿಗೆ ಈ ಷರತ್ತು ಹೊರೆ. ಹೇಗೂ ಸೋಲುತ್ತಿರುವ ತಂಡಕ್ಕೆ ಇದೇ ಸುಸಂದರ್ಭ.

ಸ್ಮಿತ್‌ನನ್ನು ಕಾಲೇಜಿನಿಂದ ಯಾರೂ ಡ್ರಾಫ್ಟ್ ಮಾಡಿರಲಿಲ್ಲ. ಮಿಲ್ವಾಕಿ ಬ್ರೂವರ್ಸ್‌ನವರು ಹಾಗೇ ಸಹಿ ಹಾಕಿಸಿಕೊಂಡಿದ್ದರು. 2024ರ ಡಿಸೆಂಬರ್‌ನಲ್ಲಿ ರೂಲ್ 5ರ ಮೊದಲ ಆಯ್ಕೆಯಾಗಿ ನಮಗೆ ಬಂದ. 2025ರಲ್ಲಿ 3.81 ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ) ಉಳಿಸಿಕೊಂಡ. ನಾನು ಮೆಚ್ಚುವುದು ಅವನ ಚೇಂಜಪ್. ಜೋರಿನ ಚೆಂಡು ಎಸೆಯುವ ಕೈಯ ಅದೇ ವೇಗ, ಅದೇ ಭಂಗಿ. ಚೆಂಡು ಮಾತ್ರ ತಡವಾಗಿ ಬರುತ್ತದೆ, ಬ್ಯಾಟ್ ಆಗಲೇ ಹೋಗಿಬಿಟ್ಟಿರುತ್ತದೆ. ಋತುವಿನ ನಡುವೆ ಅವನು ಪೆಟ್ಟು ತಿಂದ ವಾರಗಳೂ ಇದ್ದವು. ಕೊನೆಯಲ್ಲಿ ಮತ್ತೆ ಚೇತರಿಸಿಕೊಂಡ. ತಂಡದ ಮೂರನೆಯ ಪಿಚರ್ ಆಗಿ ಇವನನ್ನು ಕಣ್ಣುಮುಚ್ಚಿ ನಂಬುತ್ತೇನೆ, ಮೊದಲನೆಯವನು ಇನ್ನೂ ಬರಬೇಕು.

ಪ್ರಶ್ನೆ: ಆ ಮೊದಲನೆಯವನು ನೋವಾ ಶುಲ್ಟ್ಸ್ ಅಲ್ಲವೇ?

ಆಗಬಹುದು. ಆರು ಅಡಿ ಹತ್ತು ಇಂಚಿನ ಎಡಗೈಯವನು, ಇಲಿನಾಯ್ಸ್‌ನವನೇ. 2024ರಲ್ಲಿ ಮೈನರ್ ಲೀಗ್‌ನ 88 ಇನ್ನಿಂಗ್ಸ್‌ಗಳಲ್ಲಿ 115 ಸ್ಟ್ರೈಕ್‌ಔಟ್, ವಾಕ್ ಬರೀ 24. ಆ ಅಂಕಿ ನೋಡಿ ನಾನೂ ಕುಣಿದಿದ್ದೆ. 2025ರಲ್ಲಿ ಮಂಡಿನೋವು ಕಾಡಿತು, ವಾಕ್‌ಗಳು ಏರಿದವು. ಅಷ್ಟುದ್ದದ ಕೈಕಾಲಿನವನಿಗೆ ಒಂದೇ ಭಂಗಿಯನ್ನು ಪ್ರತಿ ಚೆಂಡಿಗೂ ಮರಳಿ ತರುವುದೇ ಕಷ್ಟ, ಮಂಡಿ ನೋಯುತ್ತಿದ್ದರೆ ಕೇಳಲೇಬೇಡಿ. ನೋವಿನಿಂದ ಬಂದ ವಾಕ್‌ಗಳೋ, ಭಂಗಿಯ ದೋಷದಿಂದ ಬಂದವೋ ಎಂಬುದು 2026ರ ವಸಂತದಲ್ಲಿ ಗೊತ್ತಾಗುತ್ತದೆ.

ಹೇಗನ್ ಸ್ಮಿತ್ ವಿಷಯದಲ್ಲಿ ನನಗೆ ಇನ್ನಷ್ಟು ಆತಂಕವಿದೆ. ಆರ್ಕನ್ಸಾ ವಿಶ್ವವಿದ್ಯಾಲಯದಲ್ಲಿ 84 ಇನ್ನಿಂಗ್ಸ್‌ಗೆ 161 ಸ್ಟ್ರೈಕ್‌ಔಟ್ ಪಡೆದವನನ್ನು 2024ರ ಡ್ರಾಫ್ಟ್‌ನಲ್ಲಿ ಐದನೆಯವನಾಗಿ ಆರಿಸಿದರು. ವೃತ್ತಿಪರ ಆಟದಲ್ಲಿ ಅವನ ಚೆಂಡಿಗೆ ಬ್ಯಾಟ್ ತಾಗುವುದೇ ಅಪರೂಪ, ಆದರೆ ಚೆಂಡು ಜೋನ್ ಒಳಗೆ ಬೀಳುವುದೂ ಅಷ್ಟಕ್ಕಷ್ಟೆ. ಇಂಥವರು ಎಷ್ಟೋ ಸಲ ಕೊನೆಯ ಇನ್ನಿಂಗ್ಸ್‌ಗಳ ರಿಲೀವರ್ ಆಗಿ ಉಳಿಯುತ್ತಾರೆ. ಚೆಂಡಿನ ವೇಗ ಗಂಟೆಗೆ 100 ಮೈಲಿ ದಾಟಿಸುವ ಗ್ರ್ಯಾಂಟ್ ಟೇಲರ್‌ನನ್ನು ಆಗಲೇ ಆ ಕೆಲಸಕ್ಕೆ ಹಚ್ಚಿದ್ದಾರೆ.

ಪ್ರಶ್ನೆ: 2016ರಲ್ಲೂ ಇದೇ ಕಥೆ ಹೇಳಿ ನಂಬಿಸಿದ್ದರಲ್ಲ? ಅದೇನಾಯಿತು?

ಈ ಪ್ರಶ್ನೆ ಕೇಳಿದವರು ನನ್ನ ಹಾಗೆ ಹಳೆಯ ಅಭಿಮಾನಿಯೇ ಇರಬೇಕು. ಆಗ ಕ್ರಿಸ್ ಸೇಲ್‌ನನ್ನು ಬೋಸ್ಟನ್‌ಗೆ ಕೊಟ್ಟು ಯೋವಾನ್ ಮೊಂಕಾಡಾ, ಮೈಕಲ್ ಕೋಪೆಕ್‌ರನ್ನು ತಂದರು. ಮರುವರ್ಷ ಹೊಸೆ ಕಿಂಟಾನಾನನ್ನು ಕಬ್ಸ್‌ಗೆ ಕೊಟ್ಟು ಎಲೋಯ್ ಹಿಮೆನೆಸ್, ಡಿಲನ್ ಸೀಸ್‌ರನ್ನು ತಂದರು. 2021ರಲ್ಲಿ 93 ಪಂದ್ಯ ಗೆದ್ದು ವಿಭಾಗದ ಚಾಂಪಿಯನ್ ಆದರು, ಪ್ಲೇಆಫ್‌ನಲ್ಲಿ ಹ್ಯೂಸ್ಟನ್‌ಗೆ ಸೋತರು. ಮರುವರ್ಷ 81 ಗೆಲುವು, 81 ಸೋಲು. ಅದರ ಮುಂದಿನ ವರ್ಷ 101 ಸೋಲು. ಅಲ್ಲಿಂದ 121.

ಗಾಯಗಳ ಮೇಲೆ ತಪ್ಪು ಹೊರಿಸುವವರು ಬಹಳ. ಹಿಮೆನೆಸ್ 2021ರ ಅಭ್ಯಾಸ ಪಂದ್ಯದಲ್ಲಿ ಗೋಡೆಯ ಮೇಲಿಂದ ಹೋಮ್ ರನ್ ಹಿಡಿಯಲು ಹೋಗಿ ಎದೆಯ ಸ್ನಾಯುರಜ್ಜು ಹರಿದುಕೊಂಡದ್ದು ನನಗೂ ನೆನಪಿದೆ. ನನ್ನ ದೂರು ಬೇರೆ. ಆ ಗುಂಪಿನಲ್ಲಿ ಹೊಡೆಯುವವರು ತುಂಬಾ ಇದ್ದರು, ಬಿಡುವವರು ಕಡಿಮೆ. ಟಿಮ್ ಆ್ಯಂಡರ್ಸನ್ 2019ರಲ್ಲಿ .335 ಹೊಡೆದು ಲೀಗ್‌ನ ಅಗ್ರ ಬ್ಯಾಟ್ಸ್‌ಮನ್ ಆದ, ಆದರೆ ವಾಕ್ ಅವನಿಗೆ ಒಗ್ಗಲೇ ಇಲ್ಲ. ಲೂಯಿಸ್ ರಾಬರ್ಟ್, ಹಿಮೆನೆಸ್ ಇಬ್ಬರೂ ಜೋನ್ ಹೊರಗಿನ ಚೆಂಡಿನ ಹಿಂದೆ ಹೋಗುವವರೇ. ಕಾಲು ಚುರುಕಾಗಿ, ಕೈ ಬಿಸಿಯಾಗಿ ಇರುವವರೆಗೆ ಎಲ್ಲವೂ ಚೆನ್ನ. ಮೈ ಸ್ವಲ್ಪ ನೊಂದ ದಿನ ಬೇಸ್ ತಲುಪಲು ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಈ ಸಲ ಟೀಲ್, ಮೈಡ್ರಾತ್ ಥರದವರನ್ನೇ ಹುಡುಕಿ ತಂದಿದ್ದಾರೆ. ನನ್ನ ಭರವಸೆ ಅದರ ಮೇಲೆ ನಿಂತಿದೆ.

ಪ್ರಶ್ನೆ: ಹಾಗಿದ್ದರೆ ಸ್ಟ್ರೈಕ್‌ಔಟ್‌ಗಳ ರಾಶಿಯೇ ಹಾಕುವ ಮುನೆತಾಕಾ ಮುರಕಾಮಿಯನ್ನು ಜಪಾನಿನಿಂದ ಕರೆಸಿದ್ದು ಸರಿಯೇ?

ಸರಿ. 2022ರಲ್ಲಿ ಯಾಕುಲ್ಟ್ ಸ್ವಾಲೋಸ್ ತಂಡಕ್ಕೆ 56 ಹೋಮ್ ರನ್ ಹೊಡೆದವನು ಎರಡು ವರ್ಷಕ್ಕೆ 3.4 ಕೋಟಿ ಡಾಲರ್‌ಗೆ ಸಿಕ್ಕಿದ್ದಾನೆ. ಹೆಚ್ಚು ವರ್ಷಗಳ ಒಪ್ಪಂದವಾಗಿದ್ದರೆ ನಾನು ವಿರೋಧಿಸುತ್ತಿದ್ದೆ. ಇವನು ಬ್ಯಾಟ್ ಬೀಸಿದರೂ ಎಷ್ಟೋ ಸಲ ಚೆಂಡು ತಾಗಿಸುವುದಿಲ್ಲ ನಿಜ, ಆದರೆ ವಾಕ್‌ಗಳನ್ನೂ ತೆಗೆದುಕೊಳ್ಳುತ್ತಾನೆ.

ಪ್ರಶ್ನೆ: 121 ಸೋತ ಮೇಲೂ 2025ರ ಡ್ರಾಫ್ಟ್‌ನಲ್ಲಿ ಹತ್ತನೇ ಸ್ಥಾನ ಯಾಕೆ ಸಿಕ್ಕಿತು?

ನಿಯಮ. ದೊಡ್ಡ ಮಾರುಕಟ್ಟೆಯ ತಂಡಗಳು ಡ್ರಾಫ್ಟ್‌ನ ಮೊದಲ ಸ್ಥಾನಗಳನ್ನು ಹಂಚುವ ಲಾಟರಿಯಲ್ಲಿ ಸತತ ಎರಡು ವರ್ಷ ಸ್ಥಾನ ಪಡೆಯುವಂತಿಲ್ಲ. ಹೇಗನ್ ಸ್ಮಿತ್‌ನನ್ನು ಆರಿಸಿದ 2024ರಲ್ಲಿ ನಮಗೆ ಅದು ಸಿಕ್ಕಿತ್ತು. ಸಿಕ್ಕ ಸ್ಥಾನದಲ್ಲಿ ಕ್ಯಾಲಿಫೋರ್ನಿಯಾದ ಶಾರ್ಟ್‌ಸ್ಟಾಪ್ ಬಿಲ್ಲಿ ಕಾರ್ಲ್‌ಸನ್‌ನನ್ನು ಆರಿಸಿದರು. 2026ರ ಲಾಟರಿಯಲ್ಲಿ ಮೊದಲ ಸ್ಥಾನವೇ ಒಲಿದಿದೆ.

ಪ್ರಶ್ನೆ: 2026ರಲ್ಲಿ ಎಷ್ಟು ಪಂದ್ಯ ಗೆಲ್ಲಬಹುದು? ಒಂದು ಅಂಕಿ ಹೇಳಿ.

70. ಟೀಲ್ 120 ಪಂದ್ಯ ಆಡಿದರೆ, ಶುಲ್ಟ್ಸ್‌ನ ಮಂಡಿ ಗಟ್ಟಿಯಿದ್ದರೆ ಇನ್ನೂ ನಾಲ್ಕೈದು ಸೇರಿಸಿಕೊಳ್ಳಿ. ಇನ್ನೊಂದು ವಿಷಯ: 2026ರಿಂದ ಮೇಜರ್ ಲೀಗ್‌ನಲ್ಲಿ ಅಂಪೈರ್‌ನ ಬಾಲ್-ಸ್ಟ್ರೈಕ್ ತೀರ್ಪನ್ನು ಯಂತ್ರದ ಮುಂದಿಟ್ಟು ಪ್ರಶ್ನಿಸಬಹುದು. ಪ್ರತಿ ತಂಡಕ್ಕೆ ಎರಡು ಅವಕಾಶ, ಸರಿಯಾಗಿ ಕೇಳಿದರೆ ಅದು ಉಳಿಯುತ್ತದೆ. ಕೇಳುವ ಹಕ್ಕು ಬ್ಯಾಟ್ಸ್‌ಮನ್, ಪಿಚರ್, ಕ್ಯಾಚರ್ ಮೂವರಿಗೆ ಮಾತ್ರ. ಡಗೌಟ್‌ನಿಂದ ಯಾರೂ ಸನ್ನೆ ಮಾಡುವಂತಿಲ್ಲ. ಜೋನ್ ಬಲ್ಲ ಹುಡುಗರಿಗೆ ಇದರಿಂದ ಲಾಭವೇ. ಮೊದಲ ತಿಂಗಳು ಟೀಲ್ ಎಷ್ಟು ಸಲ ತಲೆಯ ಮೇಲೆ ತಟ್ಟಿ ಕೇಳುತ್ತಾನೆ, ಅದರಲ್ಲಿ ಎಷ್ಟು ಸಲ ಅವನ ಮಾತು ಸರಿಯಾಗುತ್ತದೆ ಎಂದು ನಾನು ಬರೆದಿಟ್ಟುಕೊಳ್ಳಲಿದ್ದೇನೆ. ಮೇ ತಿಂಗಳ ಅಂಕಣದಲ್ಲಿ ಲೆಕ್ಕ ಕೊಡುತ್ತೇನೆ.