ಮಂಡಿಯೊಳಗೆ ಗ್ರೋತ್ ಫ್ಯಾಕ್ಟರ್ ಖಾಲಿಯಾಗುತ್ತದೆಯೇ?

ನಿಮ್ಮ ಪ್ರಶ್ನೆ ಇದು: ಅಮ್ಮನಿಗೆ ಮಂಡಿ ಸವೆದಿದೆ. ಗ್ರೋತ್ ಫ್ಯಾಕ್ಟರ್ ಇಂಜೆಕ್ಷನ್ ಕೊಟ್ಟರೆ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಯ ತುದಿಯನ್ನು ಮುಚ್ಚಿರುವ ನುಣುಪಾದ ಪದರ) ಮತ್ತೆ ಬೆಳೆಯುತ್ತದೆ ಅಂತ ಕ್ಲಿನಿಕ್‌ನಲ್ಲಿ ಹೇಳಿದ್ದಾರೆ. ಹಾಗಾದರೆ ಮಂಡಿಯೊಳಗೆ ಅದು ಮೊದಲು ಇರಲಿಲ್ವಾ? ಇದ್ದದ್ದು ಖಾಲಿ ಆಯ್ತಾ?

ಇತ್ತು, ಈಗಲೂ ಇದೆ. ಗ್ರೋತ್ ಫ್ಯಾಕ್ಟರ್ ಅಂದರೆ ಬೆಳೆಯಲು, ರಿಪೇರಿ ಮಾಡಲು ಜೀವಕೋಶಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನು. ಅದನ್ನು ಎಲ್ಲಿ, ಯಾವಾಗ, ಎಷ್ಟು ಬಿಡಬೇಕು ಅನ್ನುವ ಏರ್ಪಾಡು ಕೆಟ್ಟಿರುತ್ತದೆ.

ನಾನು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಕಾರ್ಟಿಲೇಜ್ ಮೇಲೆ ಕೆಲಸ ಮಾಡುತ್ತೇನೆ. ಮಂಡಿ ಬದಲಿಸುವ ಆಪರೇಷನ್‌ನಲ್ಲಿ ಕತ್ತರಿಸಿ ತೆಗೆದ ತುಂಡುಗಳು, ರೋಗಿಯ ಒಪ್ಪಿಗೆ ಪಡೆದು, ಐಸ್ ಡಬ್ಬಿಯಲ್ಲಿ ನಮ್ಮ ಕೈಗೆ ಬರುತ್ತವೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೂ ಜೀವಕೋಶಗಳು ಸಾಯುವುದಿಲ್ಲ. ಒಂದೇ ತುಂಡಿನ ಒಂದು ಕಡೆ ಬೆಳ್ಳಗೆ, ನುಣ್ಣಗೆ, ಬ್ಲೇಡ್‌ಗೆ ಗಟ್ಟಿಯಾಗಿ ಸಿಗುತ್ತದೆ. ಸ್ವಲ್ಪ ಆಚೆ ಹಳದಿ ತಿರುಗಿ, ಎಳೆ ಎಳೆಯಾಗಿ ಎದ್ದಿರುತ್ತದೆ. ತೆಳುವಾಗಿ ಕೊಯ್ದು ಸಫ್ರಾನಿನ್ ಬಣ್ಣ ಹಾಕಿದರೆ ಚೆನ್ನಾಗಿರುವ ಕಡೆ ಕೆಂಪಗಾಗುತ್ತದೆ. ಸವೆದ ಕಡೆ ಬಣ್ಣ ಹಿಡಿಯುವುದೇ ಇಲ್ಲ, ಯಾಕೆಂದರೆ ನೀರು ಹಿಡಿದಿಡುವ ಅಗ್ರಿಕ್ಯಾನ್ ಅನ್ನುವ ಪ್ರೋಟೀನು ಅಲ್ಲಿಂದ ಹೋಗಿಬಿಟ್ಟಿರುತ್ತದೆ.

ಕಾರ್ಟಿಲೇಜ್‌ಗೆ ರಕ್ತನಾಳವಿಲ್ಲ. ಜೀವಕೋಶಗಳೂ ಬಹಳ ಕಡಿಮೆ. ಅದಕ್ಕೇ ಅದು ಗ್ರೋತ್ ಫ್ಯಾಕ್ಟರ್‌ಗಳನ್ನು ಜೀವಕೋಶದ ಸುತ್ತಲೇ ಕಟ್ಟಿ ಇಟ್ಟುಕೊಂಡಿರುತ್ತದೆ. ಟಿಜಿಎಫ್-ಬೀಟಾ ಅನ್ನುವ ಗ್ರೋತ್ ಫ್ಯಾಕ್ಟರನ್ನೇ ನೋಡಿ. ಕೋಶ ಅದನ್ನು ತಯಾರಿಸುವಾಗಲೇ ಕೆಲಸ ಮಾಡದ ರೂಪದಲ್ಲಿ ತಯಾರಿಸುತ್ತದೆ. ಅದೇ ಪ್ರೋಟೀನಿನ ಇನ್ನೊಂದು ಭಾಗ ಅದನ್ನು ಸುತ್ತಿಕೊಂಡಿರುತ್ತದೆ, ಕಡಲೆಕಾಯಿ ಸಿಪ್ಪೆಯೊಳಗೆ ಬೀಜ ಇದ್ದ ಹಾಗೆ. ಒತ್ತಿದರೆ ಬಿರಿಯುತ್ತದೆ. ಕೋಶದ ಮೇಲಿನ ಇಂಟೆಗ್ರಿನ್ ಅನ್ನುವ ಪ್ರೋಟೀನುಗಳು ಎಳೆದಾಗ, ಕಿಣ್ವಗಳು ಕತ್ತರಿಸಿದಾಗ, ಕೀಲಿನ ದ್ರವ ಉಜ್ಜಿ ಹರಿದಾಗ ಒಳಗಿನದು ಹೊರಬರುತ್ತದೆ.

ಎಫ್‌ಜಿಎಫ್-2 ಅನ್ನುವ ಇನ್ನೊಂದು ಗ್ರೋತ್ ಫ್ಯಾಕ್ಟರ್‌ನ ಕಥೆ ನನಗೆ ಇನ್ನೂ ಇಷ್ಟ. ಅದು ಕೋಶದ ಪಕ್ಕದಲ್ಲೇ ಇರುವ ಪರ್ಲೆಕ್ಯಾನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಕಾರ್ಟಿಲೇಜ್‌ಗೆ ಬ್ಲೇಡ್ ತಾಗಿದ ಕೆಲವೇ ನಿಮಿಷಗಳಲ್ಲಿ ಬಿಡುಗಡೆಯಾಗಿ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ. ಭಾರ ಬಿದ್ದರೂ ಹಾಗೇ. ಇದನ್ನು ಮಾಡುವ ಜೀನ್ ಇಲ್ಲದ ಇಲಿಗಳ ಕೀಲು ಬೇಗ ಸವೆಯುತ್ತದೆ.

ಐಜಿಎಫ್-1 ಅನ್ನುವ ಗ್ರೋತ್ ಫ್ಯಾಕ್ಟರ್ ಹೆಚ್ಚಾಗಿ ಹೊರಗಿನಿಂದ, ಕೀಲಿನ ದ್ರವದ ಮೂಲಕ ಬರುತ್ತದೆ. 1957ರಲ್ಲಿ ಇದನ್ನು ಮೊದಲು ಗುರುತಿಸಿದ್ದೇ ಇಲಿಯ ಕಾರ್ಟಿಲೇಜ್ ಇಟ್ಟುಕೊಂಡು ಮಾಡಿದ ಪ್ರಯೋಗದಲ್ಲಿ. ಸವೆದ ಕೀಲಿನಲ್ಲಿ ಇದನ್ನು ಹಿಡಿದಿಡುವ ಪ್ರೋಟೀನುಗಳು ಜಾಸ್ತಿಯಾಗುತ್ತವೆ, ಕೋಶವೂ ಸರಿಯಾಗಿ ಓಗೊಡುವುದಿಲ್ಲ. ಬಿಎಂಪಿ ಅನ್ನುವ ಮತ್ತೊಂದು ಗುಂಪಿನ ಗ್ರೋತ್ ಫ್ಯಾಕ್ಟರ್‌ಗಳನ್ನು ತಡೆಯಲು ನೋಗಿನ್, ಗ್ರೆಮ್ಲಿನ್ ಅನ್ನುವ ಪ್ರೋಟೀನುಗಳಿವೆ.

ವಯಸ್ಸಾದ ಮೇಲೆ ಇನ್ನೊಂದು ತೊಂದರೆ. ಟಿಜಿಎಫ್-ಬೀಟಾ ಕೋಶದ ಎರಡು ಬೇರೆ ಬೇರೆ ರಿಸೆಪ್ಟರ್‌ಗಳ (ಸುದ್ದಿ ಹಿಡಿಯುವ ಪ್ರೋಟೀನುಗಳ) ಮೇಲೆ ಕೂರಬಲ್ಲದು: ಎಎಲ್‌ಕೆ-5 ಮತ್ತು ಎಎಲ್‌ಕೆ-1. ಕಾಪಾಡುವ ದಾರಿಯ ಎಎಲ್‌ಕೆ-5 ಕಡಿಮೆಯಾಗಿ, ಎಎಲ್‌ಕೆ-1ರ ಪಾಲು ಏರುತ್ತದೆ. ಆಗ ಅದೇ ಟಿಜಿಎಫ್-ಬೀಟಾ ಬಂದರೂ ಕೋಶ ಎಂಎಂಪಿ-13 ಅನ್ನುವ, ಕೊಲಾಜೆನ್ ಕತ್ತರಿಸುವ ಕಿಣ್ವವನ್ನು ಮಾಡತೊಡಗುತ್ತದೆ. ದೊಡ್ಡವರ ಕಾರ್ಟಿಲೇಜ್‌ನ ಕೊಲಾಜೆನ್ ಅರ್ಧ ಬದಲಾಗಲು ನೂರು ವರ್ಷಕ್ಕೂ ಜಾಸ್ತಿ ಬೇಕು ಅಂತ ಲೆಕ್ಕ ಹಾಕಿದ್ದಾರೆ. ಹೋದದ್ದು ಹೋದ ಹಾಗೇ.

ಹಾಗಾಗಿ ಹೊರಗಿನಿಂದ ಸುಮ್ನೆ ಸುರಿದರೆ ಆಗುವುದಿಲ್ಲ. ಇಲಿಯ ಮಂಡಿಗೆ ಟಿಜಿಎಫ್-ಬೀಟಾ ಚುಚ್ಚಿದಾಗ ಅಂಚಿನಲ್ಲಿ ಮೂಳೆ ಮುಳ್ಳುಗಳು ಎದ್ದವು, ಕೀಲಿನ ಒಳಪದರ ದಪ್ಪವಾಗಿ ಗಡಸಾಯಿತು. ಎಫ್‌ಜಿಎಫ್-18 ಅನ್ನುವ ಗ್ರೋತ್ ಫ್ಯಾಕ್ಟರ್‌ನಿಂದ ಮಾಡಿದ ಸ್ಪ್ರಿಫರ್ಮಿನ್ ಅನ್ನುವ ಔಷಧಿ ಮನುಷ್ಯರಲ್ಲಿ ಕಾರ್ಟಿಲೇಜ್ ದಪ್ಪವನ್ನು ಸ್ವಲ್ಪ ಹೆಚ್ಚಿಸಿತು, ಆದರೆ ನೋವಿನಲ್ಲಿ ಸುಳ್ಳು ಔಷಧಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಕ್ಲಿನಿಕ್‌ಗಳು 'ಗ್ರೋತ್ ಫ್ಯಾಕ್ಟರ್' ಅಂದಾಗ ಸಾಮಾನ್ಯವಾಗಿ ಹೇಳುವುದು ಪಿಆರ್‌ಪಿ, ಅಂದರೆ ಅಮ್ಮನದೇ ರಕ್ತದ ಪ್ಲೇಟ್‌ಲೆಟ್. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 288 ಜನರಿಗೆ ಪಿಆರ್‌ಪಿ ಅಥವಾ ಬರೀ ಸಲೈನ್ ಕೊಟ್ಟು ನೋಡಿದರು. ವರ್ಷದ ನಂತರ ನೋವಿನಲ್ಲಾಗಲಿ ಕಾರ್ಟಿಲೇಜ್‌ನಲ್ಲಾಗಲಿ ಗಣನೀಯ ವ್ಯತ್ಯಾಸ ಇರಲಿಲ್ಲ.

ದುಡ್ಡು ಕಟ್ಟುವ ಮೊದಲು ಕ್ಲಿನಿಕ್‌ನವರನ್ನು ನೇರವಾಗಿ ಕೇಳಿ: ಇಂಜೆಕ್ಷನ್‌ನಲ್ಲಿ ಏನಿದೆ? ಕಾರ್ಟಿಲೇಜ್ ಬೆಳೆದದ್ದನ್ನು ಎಂಆರ್‌ಐನಲ್ಲಿ ತೋರಿಸುತ್ತೀರಾ? ಅಷ್ಟರೊಳಗೆ ಒಬ್ಬ ಫಿಸಿಯೋ ಹತ್ತಿರ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಶುರು ಮಾಡಿಸಿ. ಅಮ್ಮನಿಗೆ ಆಗುವಷ್ಟು ಲಾಲ್‌ಬಾಗ್‌ನಲ್ಲೋ ಮನೆ ಹತ್ತಿರದ ಪಾರ್ಕ್‌ನಲ್ಲೋ ನಡೆಯಲಿ. ಮಂಡಿ ಸವೆದಿದೆ ಅಂತ ಪೂರ್ತಿ ಕೂರಿಸಬೇಡಿ, ಹದವಾದ ಭಾರ ಕಾರ್ಟಿಲೇಜ್‌ಗೂ ಬೇಕು.