ಓದುಗರ ಪ್ರಶ್ನೆಗಳಿಗೆ ಉತ್ತರ: ಅಮೆರಿಕದ ಈಶಾನ್ಯದ ನ್ಯೂ ಇಂಗ್ಲೆಂಡ್‌ನ ಹಳೆಯ ಮನೆತನಗಳು

ಪ್ರಶ್ನೆ: ಮೊಮ್ಮಕ್ಕಳಿಗಾಗಿ ಅಮೆರಿಕದ ಸೊಸೆಯ ಕಡೆಯ ವಂಶವೃಕ್ಷ ಬರೆಯುತ್ತಿದ್ದೇನೆ. ಮ್ಯಾಸಚೂಸೆಟ್ಸ್‌ನ ಊರ ದಾಖಲೆಯಲ್ಲಿ ಒಂದು ಜೋಡಿಯ ಮದುವೆ 1688ರ ಏಪ್ರಿಲ್, ಮೊದಲ ಮಗು 1688ರ ಫೆಬ್ರುವರಿ ಎಂದಿದೆ. ಯಾವುದು ತಪ್ಪು?

ಉತ್ತರ: ಎರಡೂ ಸರಿ. ಆಗ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ, ನಮ್ಮ ಸಂವತ್ಸರ ಯುಗಾದಿಗೆ ಬದಲಾಗುವ ಹಾಗೆ. ಆ ಫೆಬ್ರುವರಿ ಬಂದದ್ದು ಮದುವೆಯಾಗಿ ಹತ್ತು ತಿಂಗಳಿಗೆ. ನಮ್ಮ ಲೆಕ್ಕಕ್ಕೆ 1689. ನಿಮ್ಮ ಹಾಳೆಯಲ್ಲಿ 1688/9 ಎಂದೇ ಬರೆಯಿರಿ. ಬರೀ 1689 ಎಂದು ತಿದ್ದಿದರೆ ಮುಂದೆ ನೋಡುವವರು ಇನ್ನೊಮ್ಮೆ ತಿದ್ದಿ 1690 ಮಾಡಿಬಿಡುತ್ತಾರೆ. ತಿಂಗಳನ್ನು ಅಂಕಿಯಲ್ಲಿ ಕೊಟ್ಟಿದ್ದರೆ ಒಂದನೆಯದು ಮಾರ್ಚ್, ಹನ್ನೆರಡನೆಯದು ಫೆಬ್ರುವರಿ. ಮಾರ್ಚ್ 1ರಿಂದ 24ರೊಳಗಿನ ತಾರೀಖಿಗೆ ಮಾತ್ರ ಹಿಂದುಮುಂದಿನ ನಮೂದುಗಳನ್ನು ನೋಡದೆ ವರ್ಷ ನಿರ್ಧರಿಸಬೇಡಿ. ಈ ಪದ್ಧತಿ 1752ಕ್ಕೆ ಮುಗಿಯಿತು. ಆ ವರ್ಷ ಕ್ಯಾಲೆಂಡರನ್ನೇ ಬದಲಿಸಿ ನಡುವಿನ ದಿನಗಳನ್ನು ಬಿಟ್ಟದ್ದರಿಂದ ಸೆಪ್ಟೆಂಬರ್ 2ರ ಮರುದಿನವೇ 14.

ಪ್ರಶ್ನೆ: ಹೆಂಡತಿಯ ಹೆಸರು ಬರೀ ‘ಮೇರಿ’ ಎಂದಿದೆ. ತವರಿನ ಹೆಸರು ಹುಡುಕುವುದು ಹೇಗೆ?

ಉತ್ತರ: ಚರ್ಚಿನ ಪುಸ್ತಕದಿಂದ ಶುರುಮಾಡಬೇಡಿ. ಅಲ್ಲಿ ನೆಲೆಸಿದ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರಾದ ಪ್ಯೂರಿಟನ್ನರಿಗೆ ಮದುವೆ ಸಂಸ್ಕಾರವಲ್ಲ, ಕರಾರು. 1621ರಲ್ಲಿ ಅಲ್ಲಿನ ಆರಂಭದ ವಸಾಹತಾದ ಪ್ಲಿಮತ್‌ನ ಮೊದಲ ಮದುವೆ, ಎಡ್ವರ್ಡ್ ವಿನ್ಸ್ಲೋ ಮತ್ತು ವಿಧವೆ ಸುಸಾನಾ ವೈಟ್ ಅವರದು, ಆದದ್ದು ಮ್ಯಾಜಿಸ್ಟ್ರೇಟರ ಮುಂದೆ. ಮ್ಯಾಸಚೂಸೆಟ್ಸ್‌ನಲ್ಲಿ ಪಾದ್ರಿಗಳು ಮದುವೆ ಮಾಡಿಸತೊಡಗಿದ್ದು 1686ರಿಂದ. ಆದ್ದರಿಂದ ಮೊದಲು ಊರ ಗುಮಾಸ್ತರ ಪುಸ್ತಕ, ಆಮೇಲೆ ಕೌಂಟಿ ನ್ಯಾಯಾಲಯದ ಕಡತ.

ಅಲ್ಲೂ ಸಿಗದಿದ್ದರೆ ಉಯಿಲು. ಆ ಊರಲ್ಲೂ ಅಕ್ಕಪಕ್ಕದ ಊರುಗಳಲ್ಲೂ ಹೊಂದುವ ವಯಸ್ಸಿನ ಮೇರಿಯರನ್ನೆಲ್ಲ ಪಟ್ಟಿಮಾಡಿ, ಒಬ್ಬೊಬ್ಬರ ತಂದೆಯ ಉಯಿಲು ಓದಿ. ಮಗಳನ್ನು ಅಲ್ಲಿ ಗಂಡನ ಮನೆಹೆಸರಿನಿಂದ ಕರೆದಿರುತ್ತಾರೆ. ಉಯಿಲಿಲ್ಲದೆ ತೀರಿಕೊಂಡವರ ಆಸ್ತಿ ಹಂಚಿಕೆ ಇನ್ನೂ ಉಪಯುಕ್ತ: ಹಿರಿಯ ಮಗನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು, ಹಾಗಾಗಿ ಹೆಣ್ಣುಮಕ್ಕಳ ಹೆಸರೂ ಬಿಟ್ಟುಹೋಗುವುದಿಲ್ಲ. ಎಷ್ಟೋ ವರ್ಷದ ಮೇಲೆ ತವರಿನ ಜಮೀನು ಮಾರಿದಾಗ ಗಂಡ ಹೆಂಡತಿ ಇಬ್ಬರೂ ಕ್ರಯಪತ್ರಕ್ಕೆ ರುಜು ಹಾಕಿರುತ್ತಾರೆ, ಅದನ್ನೂ ನೋಡಿ.

ಹೆಚ್ಚು ಜನ ಎಡವುವುದು ಮದುವೆಯ ನಮೂದಿನಲ್ಲೇ. ವಧು ವಿಧವೆಯಾಗಿದ್ದರೆ ಅಲ್ಲಿರುವುದು ತವರಿನ ಹೆಸರಲ್ಲ, ಮೊದಲ ಗಂಡನದು.

ಸಂಬಂಧವಾಚಕಗಳೂ ದಾರಿ ತಪ್ಪಿಸುತ್ತವೆ. ನಮ್ಮ ‘ಅಳಿಯ’ ಮಗಳ ಗಂಡನೂ ಹೌದು, ಅಕ್ಕತಂಗಿಯರ ಮಗನೂ ಹೌದಲ್ಲ? ಹಾಗೆಯೇ ಅಂದಿನ ‘ಸನ್-ಇನ್-ಲಾ’ ಮಲಮಗನಾಗಿರಬಹುದು, ‘ಕಸಿನ್’ ಅಣ್ಣನ ಮಗನಾಗಿರಬಹುದು. ‘ಸೀನಿಯರ್’, ‘ಜೂನಿಯರ್’ ಎಂದರೆ ತಂದೆ ಮಗ ಎಂದೇ ಅಲ್ಲ. ಊರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೂ ಹಾಗೆ ಬರೆಯುತ್ತಿದ್ದರು, ಹಿರಿಯ ಸತ್ತ ಮೇಲೆ ‘ಜೂನಿಯರ್’ನೇ ‘ಸೀನಿಯರ್’ ಆಗುತ್ತಿದ್ದ.

ಪ್ರಶ್ನೆ: ಸಿದ್ಧ ವಂಶಾವಳಿಯೊಂದು ಇಂಗ್ಲೆಂಡಿನ ಶ್ರೀಮಂತ ಮನೆತನದವರೆಗೆ ಹೋಗುತ್ತದೆ. ನಂಬಬಹುದೇ?

ಉತ್ತರ: ಹಡಗಿನಲ್ಲಿ ಬಂದವನಿಗೂ ಇಂಗ್ಲೆಂಡಿನ ತಂದೆಗೂ ನಡುವಿನ ಕೊಂಡಿಯನ್ನು ಮೊದಲು ಪರೀಕ್ಷಿಸಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗುಸ್ಟೇವ್ ಆಂಜೂ ಎಂಬಾತ ಹಣ ಪಡೆದು ಹುಸಿ ವಂಶಾವಳಿಗಳನ್ನು ಕಟ್ಟಿಕೊಟ್ಟಿದ್ದ. ಅವುಗಳ ನಕಲು ಇವತ್ತಿಗೂ ಓಡಾಡುತ್ತಿವೆ. ಹೆಸರು, ವಯಸ್ಸು ಕೂಡಿಬಂದರೆ ಸಾಲದು. ವಸಾಹತಿಗೆ ಹೋದ ಮಗನನ್ನು ಹೆಸರಿಸುವ ಉಯಿಲಿನಂಥ ಪತ್ರ ಬೇಕು.